ಕಾಯಿ ಹೆರೆಯುವ ಮಿಷನ್: ಡೈಗೆ ಆರೂವರೆ ಲಕ್ಷ ಹಾಕಬಹುದಾ?

ಕಾಪು ಮೆಕ್ಯಾನಿಕಲ್:

ನಮಸ್ಕಾರ. ಊರು ಕಾಪು. ಬೆಂಗಳೂರಿನಲ್ಲಿ ಪ್ರಾಡಕ್ಟ್ ಡಿಸೈನ್ ಕೆಲಸದಲ್ಲಿದ್ದೆ, ಈಗ ಊರಿಗೆ ಬಂದಿದ್ದೇನೆ. ಅಮ್ಮನಿಗೆ ಮಂಡಿನೋವು, ಹೆರೆಮಣೆ ಮೇಲೆ ಕೂರಲು ಆಗುವುದಿಲ್ಲ. ಹಾಗಾಗಿ ಅಡುಗೆ ಕಟ್ಟೆಯ ಮೇಲಿಟ್ಟು ನಿಂತೇ ಕಾಯಿ ಹೆರೆಯುವ ಸಣ್ಣ ಮಿಷನ್ ಮಾಡಿದೆ. ಬಾಡಿ ತ್ರೀಡಿ ಪ್ರಿಂಟ್, ಮೋಟಾರ್ 230 ವೋಲ್ಟ್. ನೋಡಿದ ನೆಂಟರೆಲ್ಲ ನಮಗೂ ಒಂದಿರಲಿ ಅನ್ನುತ್ತಿದ್ದಾರೆ.

ಇದನ್ನೇ ಉದ್ಯಮ ಮಾಡುವ ಆಸೆ. ಬಾಡಿಯ ಎರಡು ಭಾಗಕ್ಕೆ ಇಂಜೆಕ್ಷನ್ ಮೋಲ್ಡಿಂಗ್ ಡೈ (ಕರಗಿದ ಪ್ಲಾಸ್ಟಿಕ್ ಒತ್ತಿ ತುಂಬಿಸುವ ಲೋಹದ ಅಚ್ಚು) ಮಾಡಿಕೊಡಲು ಪೀಣ್ಯದಲ್ಲಿ 6.5 ಲಕ್ಷ ಹೇಳಿದರು. ಡೈ ಬಿಟ್ಟರೆ ಒಂದು ಮಿಷನ್ನಿಗೆ ಬೀಳುವ ಖರ್ಚು 1,800. ಅಂಗಡಿಯಲ್ಲಿ 2,500ಕ್ಕೆ ಮಾರಿದರೆ 700 ಉಳಿಯುತ್ತದೆ. ಸಾವಿರ ಪೀಸ್ ಹೋದರೆ ಡೈ ದುಡ್ಡು ವಾಪಸ್. ಈ ಲೆಕ್ಕದಲ್ಲಿ ಏನಾದರೂ ತಪ್ಪು ಉಂಟಾ? ಈ ಕೆಲಸ ಮಾಡಿದವರು ಯಾರಾದರೂ ಹೇಳಿ.

ಬೈಕಂಪಾಡಿ ಶೆಡ್:

ಉಂಟು ಮಾರಾಯ್ರೆ. ಗಿರಾಕಿ ಕೊಡುವ 2,500ರ ಒಳಗೇ 18% ಜಿಎಸ್‌ಟಿ ಇರುತ್ತದೆ. ಅದನ್ನು ತೆಗೆದರೆ 2,119. ಅಂಗಡಿಯವರಿಗೆ ಕಾಲು ಭಾಗ ಬಿಟ್ಟರೆ ನಿಮ್ಮ ಕೈಗೆ 1,589. ಖರ್ಚು 1,800! ಆ 1,800ರಲ್ಲಿ ಸಾಮಾನಿನ ತೆರಿಗೆಯೂ ಸೇರಿದೆ ಅಂತ ಇಟ್ಟುಕೊಳ್ಳಿ. ಅದು ಕ್ರೆಡಿಟ್ ಆಗಿ ಸಿಕ್ಕಿದರೆ, ಅಂದರೆ ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು ಬಂದರೆ, ಖರ್ಚು 1,525ಕ್ಕೆ ಇಳಿಯುತ್ತದೆ. ಆಗಲೂ ಉಳಿಯುವುದು 64 ರೂಪಾಯಿ. ಅದರಲ್ಲಿ ರಟ್ಟಿನ ಡಬ್ಬ, ಸಾಗಾಟ, ಗ್ಯಾರಂಟಿಯಲ್ಲಿ ವಾಪಸ್ ಬಂದ ಮಿಷನ್ನಿನ ರಿಪೇರಿ ಎಲ್ಲ ಆಗಬೇಕು. ನಿಮ್ಮ 700 ನಿಜವಾಗಿ ಉಳಿಯಬೇಕಾದರೆ ಎಂಆರ್‌ಪಿ 3,500 ಇರಬೇಕು. ಆ ಬೆಲೆಗೆ ಜನ ತೆಗೆದುಕೊಳ್ಳುತ್ತಾರಾ? ಅದು ಗೊತ್ತಾಗುವವರೆಗೆ ಡೈ ಮಾತೇ ಬೇಡ.

ನಾನು ಹದಿನೈದು ವರ್ಷದಿಂದ ಬೇರೆಯವರ ಡ್ರಾಯಿಂಗಿಗೆ ಸಾಮಾನು ಮಾಡಿಕೊಡುತ್ತಿದ್ದೇನೆ. ಹೆಚ್ಚಿನವರು ಬರುವಾಗಲೇ ಡೈಗೆ ಅಡ್ವಾನ್ಸ್ ಕೊಟ್ಟು ಬಂದಿರುತ್ತಾರೆ. ಡೈ ಆದ ಮೇಲೆ ಆಕಾರ ಬದಲಾಯಿಸಲು ಮನಸ್ಸೂ ಬರುವುದಿಲ್ಲ, ದುಡ್ಡೂ ಇರುವುದಿಲ್ಲ. ನಿಮ್ಮ ಮಿಷನ್ನಿನ ಆಕಾರ ಖಂಡಿತ ಬದಲಾಗುತ್ತದೆ. ತ್ರೀಡಿ ಪ್ರಿಂಟ್‌ನಲ್ಲಿ ಬಂದದ್ದೆಲ್ಲ ಡೈಯಿಂದ ಬರುವುದಿಲ್ಲ. ಬಾಡಿಯ ಗೋಡೆಗೆ ಒಂದು ಡಿಗ್ರಿಯಾದರೂ ಓರೆ ಇರಬೇಕು, ಇಲ್ಲಾಂದ್ರೆ ಪೀಸ್ ಡೈಯೊಳಗೇ ಕಚ್ಚಿಕೊಳ್ಳುತ್ತದೆ. ಬಲಕ್ಕೆ ಒಳಗೆ ಇಡುವ ರಿಬ್ (ಏಣು) ದಪ್ಪವಾದರೆ ಹೊರಮೈಯಲ್ಲಿ ತಗ್ಗು ಬೀಳುತ್ತದೆ. ಇದೆಲ್ಲ ನಿಮಗೆ ಗೊತ್ತಿರಬಹುದು. ಆದರೆ ಕಾಯಿಹಾಲು ಎಲ್ಲೆಲ್ಲಿ ಇಳಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ.

ಅದೇ ಇದರ ದೊಡ್ಡ ತಲೆನೋವು. ಹಾಲು ಹಲ್ಲನ್ನು ತಿರುಗಿಸುವ ಶಾಫ್ಟ್ ಹಿಡಿದು ಹಿಂದೆ ಹೋಗುತ್ತದೆ, ಬೇರಿಂಗಿಗೆ ಸೇರುತ್ತದೆ. ಅಲ್ಲಿ ಎಣ್ಣೆ ಕಮಟುತ್ತದೆ. ವಾರದಲ್ಲಿ ವಾಸನೆ, ಆಮೇಲೆ ಇರುವೆ. ಶಾಫ್ಟನ್ನು ಹಲ್ಲಿನ ಕಡೆಗೆ ಸ್ವಲ್ಪ ತಗ್ಗಿಸಿ ಇಡಿ. ಮಧ್ಯದಲ್ಲಿ ರಬ್ಬರಿನ ಬಿಲ್ಲೆ ಕೂರಿಸಿ, ತಿರುಗುವಾಗ ಹಾಲು ಅಲ್ಲೇ ಹೊರಗೆ ಸಿಡಿಯುತ್ತದೆ. ಹಲ್ಲಿನ ತಲೆ ಕೈಯಲ್ಲೇ ಬಿಚ್ಚಿ ತೊಳೆಯುವ ಹಾಗಿರಲಿ. ಹಲ್ಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದಕ್ಕೆ ಹದ ಹಾಕಲು, ಅಂದರೆ ಕಾಯಿಸಿ ಗಟ್ಟಿ ಮಾಡಲು, ಬರುವುದಿಲ್ಲ. 420 ಹದ ಹಿಡಿಯುತ್ತದೆ, ಆದರೆ ನಮ್ಮ ಕಡಲಗಾಳಿಗೆ ಬೇಗ ಕಲೆ ಬೀಳುತ್ತದೆ, ಒರೆಸಿಡಿ ಅಂತ ಹೇಳಬೇಕು. ಜಿಂಕ್ ಕೋಟಿಂಗ್ ಸ್ಕ್ರೂ ಹಾಕಿದರೆ ಒಂದು ಮಳೆಗಾಲದಲ್ಲೇ ತುಕ್ಕು ತೋರಿಸುತ್ತದೆ.

ಇನ್ನು 230 ವೋಲ್ಟ್. ಒದ್ದೆ ಕೈಯಲ್ಲಿ ಹಿಡಿಯುವ ಸಾಮಾನು ಇದು. ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಐಎಸ್ 302 ಅಂತ ಮಾನದಂಡ ಉಂಟು. ನಿಮ್ಮ ಸಾಮಾನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪರವಾನಗಿ ಕಡ್ಡಾಯವಾ ಅಂತ ಅವರ ಕಚೇರಿಯಲ್ಲೇ ಕೇಳಿ, ಅದೂ ಮೋಟಾರ್ ಆರಿಸುವ ಮೊದಲು. ನನಗೆ ಕೇಳಿದರೆ 24 ವೋಲ್ಟ್ ಡಿಸಿ ಗೇರ್ ಮೋಟಾರ್ ಹಾಕಿ, ಬಿಐಎಸ್ ಗುರುತಿರುವ ಅಡಾಪ್ಟರ್ ಹೊರಗಿನಿಂದ ತನ್ನಿ. ಶಾಕ್ ಹೊಡೆಯುವ ಭಯ ಹೋಗುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಪರವಾಗಿಲ್ಲ.

ಮೊದಲ ಲಾಟ್ ಮೂವತ್ತೋ ನಲವತ್ತೋ ಸಾಕು. ಬಾಡಿ ತಗಡಿನಲ್ಲಿ ಮಾಡಿ, ಇಲ್ಲೇ ಲೇಸರ್ ಕಟ್ಟಿಂಗ್, ಬೆಂಡಿಂಗ್ ಆಗುತ್ತದೆ. ತಿರುಗಿಸುವ ಗುಬ್ಬಿ, ಮುಚ್ಚಳದಂಥ ಸಣ್ಣ ಭಾಗಗಳಿಗೆ ವ್ಯಾಕ್ಯೂಮ್ ಕಾಸ್ಟಿಂಗ್ (ಗಾಳಿ ತೆಗೆದು ಸಿಲಿಕಾನ್ ಅಚ್ಚಿನಲ್ಲಿ ಎರೆಯುವುದು) ಸಾಕು. ಒಂದು ಸಿಲಿಕಾನ್ ಅಚ್ಚಿನಲ್ಲಿ ಇಪ್ಪತ್ತು ಪೀಸಿನ ಆಚೀಚೆ ಬರುತ್ತದೆ. ಯಂತ್ರಗಳನ್ನು ಕೊಳ್ಳಬೇಡಿ, ಎಲ್ಲ ಜಾಬ್ ವರ್ಕಿಗೆ ಕೊಡಿ, ಅಂದರೆ ಕೂಲಿ ಕೊಟ್ಟು ಹೊರಗೆ ಮಾಡಿಸಿ. ಜೋಡಣೆ ಮತ್ತು ಟೆಸ್ಟಿಂಗ್ ಮಾತ್ರ ನಿಮ್ಮ ಮನೆಯಲ್ಲೇ ಆಗಲಿ. ಮಿಷನ್ನುಗಳನ್ನು ನೆಂಟರಿಗೆ ಕೊಡಬೇಡಿ, ಅವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಪರಿಚಯ ಇಲ್ಲದವರಿಗೆ ಪೂರ್ತಿ ದುಡ್ಡಿಗೆ ಮಾರಿ. ಒಂದು ಮಳೆಗಾಲ ಕಳೆಯಲಿ.

ಮುಂದೆ ಡೈ ಮಾಡಿಸುವಾಗ, ಡೈ ನಿಮ್ಮದು ಅಂತ ಪರ್ಚೇಸ್ ಆರ್ಡರಿನಲ್ಲೇ ಬರೆಸಿ, ಲೋಹದ ಮೇಲೂ ಹೆಸರು ಕೆತ್ತಿಸಿ. ನನ್ನ ಗಿರಾಕಿಯೊಬ್ಬರಿಗೆ ರೇಟಿನ ಜಗಳದಲ್ಲಿ ಮೋಲ್ಡಿಂಗಿನವರು ಡೈ ಕೊಡಲೇ ಇಲ್ಲ. ಕಾಗದ ಇರಲಿಲ್ಲ. ದೀಪಾವಳಿಯ ವ್ಯಾಪಾರ ಹಾಗೇ ಹೋಯಿತು.

ರಥಬೀದಿ ಪಾತ್ರೆ ಅಂಗಡಿ:

ಅಂಗಡಿ ಕಡೆಯಿಂದ ನನ್ನದೊಂದು ಮಾತು. 3,500 ಅಂದರೆ ಗಿರಾಕಿಗಳು ನನ್ನ ಮುಖ ನೋಡುತ್ತಾರೆ. ಟೇಬಲ್ ಟಾಪ್ ಗ್ರೈಂಡರಿನ ಜೊತೆ ಕಾಯಿ ತುರಿಯುವ ಅಟ್ಯಾಚ್‌ಮೆಂಟ್ ಬರುತ್ತದಲ್ಲ, ಅದಿದೆ ನಮ್ಮಲ್ಲಿ ಅನ್ನುತ್ತಾರೆ. ಅದು ಅಟ್ಟದ ಮೇಲಿರುತ್ತದೆ, ಆ ಮಾತು ಬೇರೆ. ಒಂದು ಕಾಯಿಗೋಸ್ಕರ ಗ್ರೈಂಡರ್ ಎತ್ತಿ ಇಳಿಸುವವರು ಯಾರು? ನಿಮಗೆ ಜಾಗ ಸಿಗುವುದು ಅಲ್ಲೇ. ಹಾಗಾಗಿ ಮಿಷನ್ ಹಗುರ ಇರಲಿ, ಸದಾ ಕಟ್ಟೆ ಮೇಲೆ ಇಡುವಷ್ಟು ಸಣ್ಣದಿರಲಿ.

ಹೆಂಗಸರು ಮೊದಲು ಕೇಳುವುದು ಬಣ್ಣ ಅಲ್ಲ, "ಹಲ್ಲು ಹೋದರೆ ಬೇರೆ ಸಿಗುತ್ತದಾ?" ಅಂತ. ಎರಡನೆಯದು, ಹಾಳಾದರೆ ಯಾರು ನೋಡುತ್ತಾರೆ. ಬೆಂಗಳೂರಿಗೆ ಕಳಿಸಬೇಕು ಅಂದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಕಾಪುವಿನಿಂದ ನೀವೇ ಬರುತ್ತೀರಿ ಅಂದರೆ ನಾನು ಧೈರ್ಯವಾಗಿ ಮಾರುತ್ತೇನೆ. ಡಬ್ಬದ ಮೇಲೆ ಎಂಆರ್‌ಪಿ, ತಯಾರಕರ ಹೆಸರು-ವಿಳಾಸ, ತಿಂಗಳು-ವರ್ಷ, ದೂರಿಗೆ ಫೋನ್ ನಂಬರ್ ಇರಲೇಬೇಕು. ಇಲ್ಲದ ಡಬ್ಬ ನಾನು ಇಡುವುದಿಲ್ಲ, ತೂಕ-ಅಳತೆ ಇಲಾಖೆಯವರು ಬಂದರೆ ನನಗೂ ದಂಡ.

ಲೆಕ್ಕದ ಪುಸ್ತಕ:

ಜಿಎಸ್‌ಟಿ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ. ಆದರೆ ಕಾಸರಗೋಡಿಗೆ ಮಾರಿದರೆ ಅದು ಹೊರರಾಜ್ಯ, ನೋಂದಣಿ ಬೇಕು. ನಿಮಗೂ ಅಂಗಡಿಯವರಿಗೂ ನೋಂದಣಿ ಇಲ್ಲದೆ 2,500ಕ್ಕೆ ಮಾರಿದರೂ ಅಂಗಡಿ ಪಾಲು ಕಳೆದು 1,875, ಅಂದರೆ ಲಾಭ 75. ಶೆಡ್ಡಿನವರು ಹೇಳಿದ್ದೇ ಸರಿ.

ಸಣ್ಣ ಉದ್ಯಮಗಳಿಗಾಗಿ ಸರ್ಕಾರದ ಉದ್ಯಮ್ ನೋಂದಣಿ ಉಂಟು, ಈಗಲೇ ಮಾಡಿಸಿ. ಪೂರ್ತಿ ಉಚಿತ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ. ಡಿಸೈನ್ ನೋಂದಣಿಯನ್ನು 2000ದ ಡಿಸೈನ್ಸ್ ಕಾಯ್ದೆಯಡಿ ಮಾಡಿಸಬಹುದು. ಮೊದಲು 10 ವರ್ಷ, ಮತ್ತೆ 5. ಅದು ಕಾಪಾಡುವುದು ಹೊರಗಿನ ರೂಪವನ್ನು ಮಾತ್ರ, ಒಳಗಿನ ಕೆಲಸದ ಹೊಸತನಕ್ಕೆ ಪೇಟೆಂಟೇ ಬೇಕು. ಎರಡಕ್ಕೂ ಅರ್ಜಿ ಹಾಕುವ ಮೊದಲು ಇನ್‌ಸ್ಟಾಗ್ರಾಮಿನಲ್ಲಿ ವಿಡಿಯೋ ಹಾಕಬೇಡಿ. ಮೊದಲೇ ಬಹಿರಂಗವಾದದ್ದನ್ನು ಹೊಸದು ಅಂತ ಒಪ್ಪುವುದಿಲ್ಲ.

ಕಾಪು ಮೆಕ್ಯಾನಿಕಲ್:

ಎಲ್ಲರಿಗೂ ಧನ್ಯವಾದ. 64 ರೂಪಾಯಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ. 24 ವೋಲ್ಟಿಗೆ ಬದಲಾಯಿಸುತ್ತೇನೆ, ತಗಡಿನಲ್ಲೇ ಮೂವತ್ತು ಮಾಡುತ್ತೇನೆ. ಬಾಡಿಯ ಮುಂಭಾಗ ಈಗ ಗುಂಡಗಿದೆ. ಅದು ಬೆಂಡಿಂಗಿನಲ್ಲಿ ಬರುತ್ತದಾ?

ಬೈಕಂಪಾಡಿ ಶೆಡ್:

ಬರುತ್ತದೆ, ಆದರೆ ಹತ್ತಾರು ಸಣ್ಣ ಸಣ್ಣ ಬೆಂಡ್ ಹೊಡೆಯಬೇಕು. ರೇಟು ಏರುತ್ತದೆ, ಗೆರೆಯೂ ಕಾಣುತ್ತದೆ. ಪ್ಲಾಸ್ಟಿಕ್ಕಿಗೆ ಬರೆದ ಆಕಾರವನ್ನು ತಗಡಿಗೆ ಎಳೆಯಬೇಡಿ, ತಗಡಿಗೆ ಬೇರೆಯೇ ಬರೆಯಿರಿ. ಮುಂಭಾಗಕ್ಕೆ 45 ಡಿಗ್ರಿಯ ಎರಡು ಬೆಂಡ್ ಸಾಕು. ಒಂದು ಎಂಎಂ ಸ್ಟೀಲ್ ಹಾಕಿ, ಬೆಂಡಿನ ಹತ್ತಿರ ತೂತು ಇಡಬೇಡಿ, ಎಳೆದುಕೊಂಡು ಮೊಟ್ಟೆಯಾಕಾರ ಆಗುತ್ತದೆ. ಅಂಚುಗಳನ್ನು ಒಳಕ್ಕೆ ಮಡಿಸಿ, ತೊಳೆಯುವವರ ಕೈ ಕುಯ್ಯಬಾರದು. ಡ್ರಾಯಿಂಗ್ ಆದ ಮೇಲೆ ಅಮ್ಮ ಬಳಸುತ್ತಿರುವ ಮಿಷನ್ನನ್ನೂ ಹಿಡಿದುಕೊಂಡು ಬನ್ನಿ. ತೊಳೆಯದೆ ತನ್ನಿ, ಹಾಲು ಎಲ್ಲಿ ನಿಂತಿದೆ ನೋಡಬೇಕು.