ಸೆವೆಲಮರ್ ಮಾತ್ರೆ: ಡಾಕ್ಟರನ್ನು ಕೇಳಿ (ಡಯಾಲಿಸಿಸ್ ಕುಟುಂಬಗಳ ಗುಂಪು)

ಮಂಡ್ಯ: ಸಾರ್, ಸೆವೆಲಮರ್ ಊಟಕ್ಕೆ ಮುಂಚೆಯೋ, ಆಮೇಲೋ?

ಡಾಕ್ಟರ್: ಊಟದ ಜೊತೆಗೇ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಫಾಸ್ಫೇಟ್ ಏರದಂತೆ, ಊಟದಲ್ಲಿರುವ ಫಾಸ್ಫೇಟನ್ನು ಕರುಳಲ್ಲೇ ಹಿಡಿಯಬೇಕಲ್ಲ.

ತುಮಕೂರು: ಅಮ್ಮನಿಗೆ 68. ನುಂಗೋಕಾಗಲ್ಲ ಅಂತ 800 ಮಿ.ಗ್ರಾಂ ಮಾತ್ರೆ ಕುಟ್ಟಿ, ಥೈರಾಯ್ಡ್ ಮಾತ್ರೆನೂ ಸೇರಿಸಿ ಬೆಳಿಗ್ಗೆ ಇಡ್ಲಿ ಜೊತೆ ಕೊಡ್ತಿದ್ದೀವಿ. ಟಿಎಸ್‌ಎಚ್ 3ರಿಂದ 19ಕ್ಕೆ ಹೋಗಿದೆ. ಡೋಸ್ ಜಾಸ್ತಿ ಮಾಡಬೇಕಾ? 4 ದಿನದಿಂದ ಕಕ್ಕಸಾಗಿಲ್ಲ, ಹೊಟ್ಟೆ ಬಿಗಿದಿದೆ, ನಿನ್ನೆ 2 ಸಲ ವಾಂತಿ.

ಡಾಕ್ಟರ್: ಹೊಟ್ಟೆಯ ವಿಷಯ ಮೊದಲು. ಈ ಮಾತ್ರೆ ರಕ್ತಕ್ಕೆ ಸೇರುವುದಿಲ್ಲ. ಅದು ಅಲೈಲ್‌ಅಮೈನ್ ಎಳೆಗಳನ್ನು ಹೆಣೆದ ಪಾಲಿಮರ್ ಬಲೆ. ನೀರು ಸಿಕ್ಕರೆ ನೆನೆಸಿಟ್ಟ ಕಾಮಕಸ್ತೂರಿ ಬೀಜದ ಹಾಗೆ ಉಬ್ಬುತ್ತದೆ. ಕುಟ್ಟಬೇಡಿ, ಅಗಿಯಬೇಡಿ ಎನ್ನುವುದು ಅದಕ್ಕೇ. ಕರುಳು ಕಟ್ಟಿಕೊಂಡ ಪ್ರಸಂಗಗಳಿವೆ. ಸೆವೆಲಮರ್ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಥೈರಾಯ್ಡ್. ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಟಿಎಸ್‌ಎಚ್ ಏರುತ್ತದೆ. ಕರುಳಿನ ಆಮ್ಲೀಯತೆಗೆ ತಕ್ಕಂತೆ ಬಲೆಯ ಅಮೈನ್‌ಗಳು ಪ್ರೋಟಾನ್ ಹಿಡಿದು ಪಾಸಿಟಿವ್ ಚಾರ್ಜ್ ಪಡೆಯುತ್ತವೆ, ನೆಗೆಟಿವ್ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಆದರೆ ಫಾಸ್ಫೇಟ್ ಒಂದನ್ನೇ ಗುರುತಿಸುವಷ್ಟು ಚೊಕ್ಕ ಬಲೆ ಅಲ್ಲ ಅದು. ಪಿತ್ತಾಮ್ಲವನ್ನೂ ಹಿಡಿಯುತ್ತದೆ, ಹಾಗಾಗಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ರಕ್ತ ಸೇರುವುದನ್ನು ಅರ್ಧಕ್ಕೆ ಇಳಿಸುತ್ತದೆ. ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನನ್ನೂ ಬಿಡುವುದಿಲ್ಲ. ನಿಮ್ಮಮ್ಮನ ಥೈರಾಯ್ಡ್ ಮಾತ್ರೆ ಆ ಬಲೆಯಲ್ಲೇ ಸಿಕ್ಕಿಬಿದ್ದು ಹೊರಹೋಗುತ್ತಿರಬಹುದು. ಥೈರಾಯ್ಡ್ ಡೋಸ್ ಮುಟ್ಟಬೇಡಿ, ಮುಂದೆ ಸೆವೆಲಮರ್ ಮತ್ತೆ ಶುರುವಾದರೆ ಎರಡರ ನಡುವೆ ಕನಿಷ್ಠ 4 ಗಂಟೆ ಬಿಟ್ಟು, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ನುಂಗಲಾಗದವರಿಗೆ ನೀರಲ್ಲಿ ಕಲಸುವ ಪುಡಿಯೇ ಬೇರೆ ಇದೆ.

ಶಿರಸಿ: ಇಷ್ಟೆಲ್ಲ ಕೆಮಿಕಲ್ ಯಾಕೆ? ಕಮರಾಕ್ಷಿ, ಅದೇ ಸ್ಟಾರ್ ಫ್ರೂಟ್, 21 ದಿನ ಜ್ಯೂಸ್ ಕುಡಿದರೆ ಡಯಾಲಿಸಿಸ್ಸೇ ಬೇಡವಂತೆ. ಫಾರ್ವರ್ಡ್ ಬಂದಿದೆ.

ಡಾಕ್ಟರ್: ಅಳಿಸಿ. ಈಗಲೇ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷ ಕಿಡ್ನಿ ಕೆಟ್ಟವರ ಮೈಯಲ್ಲೇ ಉಳಿದು ಮಿದುಳಿಗೆ ತಾಗುತ್ತದೆ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವು. ಮೂರನೇ ಸಲ ಹೇಳುತ್ತಿದ್ದೇನೆ.

ಶಿರಸಿ: ನಮ್ಮಜ್ಜ ದಿನಾ ತಿಂತಿದ್ರು.

ಹಾಸನ: ನಿಮ್ಮಜ್ಜನ ಕಿಡ್ನಿ ಚೆನ್ನಾಗಿತ್ತು!

ಶಿರಸಿ: ಮರ್ಯಾದೆ ಕೊಟ್ಟು ಮಾತಾಡಿ.

ಹಾಸನ: ನನ್ನ ತಮ್ಮ ಇದೇ ಫಾರ್ವರ್ಡ್ ನಂಬಿ 2 ಲೋಟ ಕುಡಿದು ಐಸಿಯು ಸೇರಿದ್ದ. ಮರ್ಯಾದೆ ಆಮೇಲೆ.

ಧಾರವಾಡ: ಕಿಡ್ನಿ ಕಸಿ ಆದಮ್ಯಾಲೂ ಈ ಗುಳಿಗಿ ಬೇಕಾಗ್ತಾವೇನ್ರಿ?

ಶಿರಸಿ: ಒಳ್ಳೇದಕ್ಕೆ ಹಾಕಿದ್ದು. ಇನ್ನು ಏನೂ ಹಾಕಲ್ಲ.

ಹಾಸನ: ಹಾಕಲೇಬೇಡಿ.

ಮೈಸೂರು: ಸೆವೆಲಮರ್ ಊಟಕ್ಕೆ ಮುಂಚೆನಾ ಸಾರ್?

ಡಾಕ್ಟರ್: ಮೇಲೆ ಓದಿ.

ತುಮಕೂರು: ಆಟೋ ಬಂತು ಸಾರ್. ಹೊರಡೋ ಮುಂಚೆ ಹರಳೆಣ್ಣೆ ಕೊಡಿ ಅಂತಿದ್ದಾರೆ ಅತ್ತೆ.

ಡಾಕ್ಟರ್: ಬೇಡ. ಬಾಯಿಗೆ ಏನೂ ಹಾಕಬೇಡಿ. ಮಾತ್ರೆಗಳನ್ನೂ ಕುಟ್ಟಿದ ಪುಡಿಯನ್ನೂ ಒಯ್ದು ತೋರಿಸಿ. ಎಕ್ಸ್‌ರೇ ಆದ ಕೂಡಲೇ ಬರೆಯಿರಿ, ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.