ಹೈಸ್ಕೂಲಿಗೆ ಸೈಕಲ್‌ನಲ್ಲಿ ಕಳಿಸುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ
ಊರು ಮಂಡ್ಯ ಕಡೆ. ಮಗಳು ಈ ವರ್ಷ ಎಂಟನೇ ಕ್ಲಾಸು, ಸೈಕಲ್‌ನಲ್ಲೇ ಹೋಗಬೇಕು. ದಾರಿಯಲ್ಲಿ ಅರ್ಧ ಕಿಲೋಮೀಟರ್ ಮುಖ್ಯರಸ್ತೆ. ಹಂಪೂ ಇಲ್ಲ, ಸಿಗ್ನಲ್ಲೂ ಇಲ್ಲ. ಕಬ್ಬು ಅರೆಯೋ ಕಾಲದಲ್ಲಿ ಟ್ರ್ಯಾಕ್ಟರ್ ಸಾಲು. ಎದುರಿನ ಗಾಡಿ ಕಾಣಲಿ, ಬಲಬದಿಯಲ್ಲೇ ಹೋಗಲಿ ಅಂತಾರೆ ಹಿರಿಯರು. ಸರಿಯಾ?

ಉತ್ತರ 1
ಬಲಬದಿ ನಡೆದು ಹೋಗುವವರಿಗೆ ಸರಿ, ಸೈಕಲ್‌ಗೆ ಖಂಡಿತ ಬೇಡ. ಸೈಕಲ್ ವೇಗ 15, ಕಾರಿನದು 60 ಅಂದ್ಕೊಳ್ಳಿ. ಎದುರುಬದುರಾದರೆ ಗಂಟೆಗೆ 75 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತಾರೆ, ಒಂದೇ ದಿಕ್ಕಿನಲ್ಲಾದರೆ 45. ಅಲ್ಲದೆ ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿ ಬರುವ ಚಾಲಕ ನೋಡುವುದು ತನ್ನ ಬಲಕ್ಕೆ. ಎಡಗಡೆಯಿಂದ ಬರುವ ಮಗು ಅವನ ಕಣ್ಣಿಗೇ ಬೀಳುವುದಿಲ್ಲ.

ದಾಟುವಾಗ ಇಳಿದು, ಸೈಕಲ್ ತಳ್ಳಿಕೊಂಡೇ ದಾಟಲಿ. 7 ಮೀಟರ್ ರಸ್ತೆಗೆ ಏಳು ಸೆಕೆಂಡ್ ಹಿಡಿಯುತ್ತೆ. ಅಷ್ಟರಲ್ಲಿ 60ರ ವೇಗದ ಗಾಡಿ ಸುಮಾರು 120 ಮೀಟರ್ ಬಂದಿರುತ್ತೆ. ಮಕ್ಕಳಿಗೆ ಮೀಟರ್ ಅಂದಾಜು ಸಿಗಲ್ಲ. ನೀವೇ ಒಮ್ಮೆ 150 ಮೀಟರ್ ಅಳೆದು, ಅಲ್ಲಿಗೆ ಎಷ್ಟನೇ ಕರೆಂಟ್ ಕಂಬ ಬರುತ್ತೆ ನೋಡಿ ತೋರಿಸಿ. ಎರಡರಲ್ಲಿ ಯಾವ ಕಡೆಯಾದರೂ ಆ ಕಂಬದ ಈಚೆ ಗಾಡಿ ಇದ್ದರೆ ನಿಲ್ಲಬೇಕು. ತಿರುವಿದ್ದು ಕಂಬವೇ ಕಾಣದಿದ್ದರೆ ದಾಟುವ ಜಾಗ ಬದಲಿಸಿ.

ಉತ್ತರ 2
ಕಬ್ಬಿನ ಟ್ರೇಲರ್ ಬಗ್ಗೆ ಒಂದು ಮಾತು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎಡಕ್ಕೆ ತಿರುಗಿದರೆ ಇಂಜಿನ್ ದೂರದಲ್ಲಿ ಹೋಗುತ್ತೆ, ಹಿಂದಿನ ಟ್ರೇಲರ್ ಮಾತ್ರ ಒಳಕ್ಕೆ ಎಳೆದುಕೊಂಡು ಬರುತ್ತೆ. ಇಂಜಿನ್ ದಾಟಿತಲ್ಲ ಅಂತ ಮಗು ಪೆಡಲ್ ತುಳಿಯುವುದು ಆಗಲೇ. ಪಕ್ಕಕ್ಕೆ ಚಾಚಿದ ಜಲ್ಲೆಯೂ ತಗಲುತ್ತೆ. ಹಿಂದೆ ಸದ್ದು ಕೇಳಿದ ಕೂಡಲೇ ಡಾಂಬರು ಬಿಟ್ಟು ಮಣ್ಣಿಗಿಳಿದು ನಿಲ್ಲಲಿ, ಕೊನೇ ಟ್ರೇಲರ್ ಹೋಗುವವರೆಗೂ.

ಉತ್ತರ 3
ಸೈಕಲ್ ವಿಷಯ. ಬ್ರೇಕ್ ರಬ್ಬರ್‌ಗೂ ರಿಮ್‌ಗೂ 2–3 ಮಿ.ಮೀ. ಸಂದು ಸಾಕು. ಲಿವರ್ ಪೂರ್ತಿ ಒತ್ತಿದರೂ ಹ್ಯಾಂಡಲ್‌ಗೆ ತಾಗಬಾರದು, ಒಂದು ಬೆರಳು ಜಾಗ ಉಳಿಯಬೇಕು. ಹೊಸ ಸೈಕಲ್‌ನಲ್ಲಿ ಕೇಬಲ್ ಎಳೆದುಕೊಂಡು ಸಡಿಲವಾಗುತ್ತೆ, ಮೊದಲ ತಿಂಗಳಲ್ಲೇ ಮತ್ತೆ ಬಿಗಿ ಮಾಡಿಸಿ. ಮಳೇಲಿ ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತೆ, ನಿಲ್ಲುವ ಜಾಗಕ್ಕಿಂತ ಮುಂಚೆಯೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳೋದು ಕಲಿಸಿ.

ಸೀಟಿನ ಮೇಲೆ ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ಊರಬೇಕು. ಬೆಳೀತಾಳೆ ಅಂತ ದೊಡ್ಡ ಸೈಕಲ್ ಕೊಡಿಸಬೇಡಿ. ಬ್ಯಾಗ್ ಹ್ಯಾಂಡಲ್‌ಗೆ ನೇತು ಹಾಕಿದರೆ ತಿರುಗಿಸುವಾಗ ಮುಂದಿನ ಚಕ್ರಕ್ಕೆ ಸಿಕ್ಕಿ ಮುಗ್ಗರಿಸುತ್ತಾಳೆ. ಕ್ಯಾರಿಯರ್‌ಗೆ ಹಳೇ ಟ್ಯೂಬಿನಿಂದ ಬಿಗಿದು ತುದಿ ಒಳಗೆ ಸಿಕ್ಕಿಸಿ. ವೇಲ್ ಎರಡೂ ತುದಿ ಸೊಂಟಕ್ಕೆ ಕಟ್ಟಲಿ, ಚೈನ್ ಕವರ್ ತೆಗೆಸಬೇಡಿ.

ಉತ್ತರ 1 (ಮತ್ತೆ)
ಚಳಿಗಾಲದ ಮಂಜಿಗೆ ಹಿಂದಿನ ಮಡ್‌ಗಾರ್ಡ್ ಮೇಲೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಬ್ಯಾಗ್ ಕೆಳಗೆ ಮುಚ್ಚಿಹೋಗದಂತೆ, ತುದಿಗೆ.