ಸಹಾಯ ಬೇಕು: ಅಡಿಕೆ ಕೊಯ್ಲಿಗೆ ಹೋದ ರೋಗಿಗಳನ್ನ ಥೀಸಿಸ್ ಲೆಕ್ಕಕ್ಕೆ ಹೇಗೆ ತಗೊಳ್ಳೋದು?

ನಮಸ್ಕಾರ. ಶಿವಮೊಗ್ಗದಲ್ಲಿ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡ್ತಿದ್ದೀನಿ, ಓರಲ್ ಸರ್ಜರಿ. ಥೀಸಿಸ್ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಮೇಲೆ, ಅಂದ್ರೆ ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆ ಒಳಗಡೆ ಬಿಗಿದು ಬಾಯಿ ತೆರೆಯೋಕಾಗದ ಕಾಯಿಲೆ. ಒಂದು ಗುಂಪಿಗೆ ಹಯಾಲುರಾನಿಡೇಸ್, ಡೆಕ್ಸಾಮೆಥಾಸೋನ್ ಇಂಜೆಕ್ಷನ್. ಇನ್ನೊಂದಕ್ಕೆ ಲೈಕೋಪೀನ್ ಮಾತ್ರೆ. ಮೇಲಿನ, ಕೆಳಗಿನ ಬಾಚಿಹಲ್ಲಿನ ಅಂಚುಗಳ ನಡುವಿನ ಅಂತರವನ್ನ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೀತೀವಿ. ಎಥಿಕ್ಸ್ ಕಮಿಟಿ ಒಪ್ಪಿಗೆ, ಸಿಟಿಆರ್‌ಐನಲ್ಲಿ (ದೇಶದ ಕ್ಲಿನಿಕಲ್ ಟ್ರಯಲ್ ದಾಖಲಾತಿ) ನೋಂದಣಿ ಎಲ್ಲ ಆಗಿದೆ.

ತೊಂದರೆ ಶುರುವಾಗಿದ್ದು ಕೊಯ್ಲಿಗೆ. ತೀರ್ಥಹಳ್ಳಿ, ಹೊಸನಗರ ಕಡೆಯ ಸುಮಾರು ಜನ 3 ತಿಂಗಳ ಅಳತೆಗೆ ಬರಲೇ ಇಲ್ಲ. ಫೋನ್ ಮಾಡಿದ್ರೆ "ಸುಲಿಯೋದು ಮುಗೀಲಿ ಡಾಕ್ಟ್ರೇ" ಅಂತಾರೆ. ಬಸ್ ಚಾರ್ಜ್ ಕೊಡ್ತೀವಿ ಅಂದೆ, ಆಶಾ ಕಾರ್ಯಕರ್ತೆಯರ ಕೈಲಿ ಹೇಳಿಸಿದೆ. ಗೊನೆ ಇಳಿಸೋ ಹೊತ್ತಲ್ಲಿ ಹಲ್ಲಿನ ಡಾಕ್ಟ್ರು ಯಾರಿಗೆ ಬೇಕು!

ಬರದವರನ್ನ ಬಿಟ್ಟುಬಿಡು ಅಂತಾರೆ ಗೈಡ್. ಸ್ಟಾಟಿಸ್ಟಿಕ್ಸ್ ನೋಡೋರು, ಇಂಟೆನ್ಷನ್-ಟು-ಟ್ರೀಟ್ ಪ್ರಕಾರ, ಅಂದ್ರೆ ಮೊದಲು ಯಾವ ಗುಂಪಿಗೆ ಹಾಕಿದ್ವೋ ಆ ಗುಂಪಲ್ಲೇ ಎಲ್ಲರೂ ಇರಬೇಕು, ಹಿಂದಿನ ಅಳತೆಯನ್ನೇ ಮುಂದಕ್ಕೂ ಹಾಕು ಅಂತಾರೆ. ನಂಗೆ ಎರಡೂ ಸರಿ ಕಾಣ್ತಿಲ್ಲ. ಮೆಟ್ಟುಗತ್ತಿ ಮೇಲೆ ಕೂತು ಸುಲಿಯೋರು ನಡುವೆ ಒಂದು ಹೋಳು ಬಾಯಿಗೆ ಹಾಕ್ಕೊಳ್ಳದೇ ಇರ್ತಾರಾ? ಬಾಯಿ ಮತ್ತೆ ಬಿಗಿದಿದ್ರೆ, ಹಳೇ ಅಳತೆ ಹಾಕಿದಾಗ ಔಷಧಿಗೆ ಇಲ್ಲದ ಗುಣ ಇದ್ದಂಗೆ ಕಾಣುತ್ತೆ. ಬಿಟ್ಟರೆ, ಜಾಸ್ತಿ ಜಗಿಯೋರೇ ಲೆಕ್ಕದಿಂದ ಹೊರಗೆ.

ಕೊಯ್ಲು ಮುಗಿಸಿ ತಡವಾಗಿ ಬರೋರ ಅಳತೆಯನ್ನ, ಬಂದ ದಿನಾಂಕದ ಸಮೇತ, ಮಿಕ್ಸೆಡ್ ಮಾಡೆಲ್‌ನಲ್ಲಿ (ಒಬ್ಬೊಬ್ಬರ ಹಲವು ಅಳತೆಗಳನ್ನ, ಕೆಲವು ತಪ್ಪಿದ್ರೂ, ಒಟ್ಟಿಗೆ ನೋಡೋ ಲೆಕ್ಕ) ಸೇರಿಸಬಹುದಾ? ಅದಕ್ಕೆ ಎಥಿಕ್ಸ್ ಕಮಿಟಿಯಿಂದ ಮೊದಲೇ ಪ್ರೋಟೊಕಾಲ್ ತಿದ್ದುಪಡಿ ಬೇಕಾ, ಇಲ್ಲ ಡೀವಿಯೇಷನ್ (ಪ್ರೋಟೊಕಾಲ್‌ಗಿಂತ ಬೇರೆಯಾಗಿ ನಡೆದದ್ದು) ಅಂತ ಬರೆದು ತಿಳಿಸಿದ್ರೆ ಸಾಕಾ?